ದೇಶಾಂತರದ ಸ್ಕಾಟರೂ ಅವರ ಉಡುಗೆಯೂ

ಪ್ರತಿವರ್ಷವೂ ಏಪ್ರಿಲ್ ಮಾಸದ ಆರನೆಯ ದಿನದ ಆಸುಪಾಸಿನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಅದರಲ್ಲಿ ನಡೆಯುವ ಗಂಡಸರು ಮೊಣಕಾಲಿನವರೆಗೆ ಇಳಿಯುವ, ಹಿಂಬದಿಯಲ್ಲಿ ಒತ್ತಾಗಿ ನೆರಿಗೆ ಹಿಡಿದ, ಬಣ್ಣಬಣ್ಣದ ಚೌಕಳಿಯ ಉಣ್ಣೆಬಟ್ಟೆಯನ್ನು ಸೊಂಟಕ್ಕೆ ಸುತ್ತಿರುತ್ತಾರೆ; ಅದರ ಮುಂದೆ ಚರ್ಮದ ಸಂಚಿಯೊಂದು ತೂಗುತ್ತಿರುತ್ತದೆ; ಎಲ್ಲರಿಗೂ ಮುಂದಾಗಿ ಬ್ಯಾಗ್‌ಪೈಪಿನವರು ಕಂಕುಳಿನ ಚೀಲವನ್ನು ಒತ್ತುತ್ತ ಬೀದಿಯೆಲ್ಲ ಮೊರೆಯುವಂತೆ ನುಡಿಸುತ್ತ ಹೋಗುತ್ತಾರೆ. ಆ ವಸ್ತ್ರಕ್ಕೆ ಕಿಲ್ಟ್ ಎಂದೂ ಆ ಚೌಕಳಿಗೆ ಟಾರ್ಟನ್ ಎಂದೂ ಹೆಸರು. ಉಟ್ಟವರಲ್ಲಿ ಬಹುಮಂದಿ ಸ್ಕಾಟ್ಲೆಂಡನ್ನು ಕಂಡವರಲ್ಲ. ಅವರ ತಾತಂದಿರೂ ಕಂಡಿರಲಾರರು. ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿಯೂ ಇಂತಹ ನೋಟವೇ.

ಈ ಜನರನ್ನು ಕಂಡು ನಗುವುದು ಈಚೆಗೆ ವಿದ್ಯಾವಂತಿಕೆಯ ಲಕ್ಷಣವಾಗಿಬಿಟ್ಟಿದೆ. ನಗುವವರಲ್ಲಿ ಒಂದು ಪಂಗಡ ಎಡಿನ್‌ಬರೊ, ಗ್ಲಾಸ್ಗೊ ಪಟ್ಟಣಗಳಲ್ಲಿ ಮನೆ ಮಾಡಿಕೊಂಡಿರುವ ಸ್ಕಾಟರೇ. ತಾವು ಮದುವೆಯ ದಿನ ಮಾತ್ರ ಉಡುವುದನ್ನು ಕಡಲಾಚೆಯ ನಂಟರು ಜಾತ್ರೆಗೆಲ್ಲ ಉಡುತ್ತಾರಲ್ಲಾ ಎಂಬುದು ಅವರ ಬೇಸರ. ಇನ್ನೊಂದು ಪಂಗಡ ಇತಿಹಾಸಜ್ಞರದು. ಇವರ ವಾದವು ಹೆಚ್ಚು ಬಲವಾದುದಾಗಿ ತೋರುವುದರಿಂದ ಅದನ್ನೇ ಮೊದಲು ಪರೀಕ್ಷಿಸತಕ್ಕದ್ದು.

ಇಂಗ್ಲೆಂಡಿನ ಪ್ರಸಿದ್ಧ ಚರಿತ್ರಕಾರ ಹ್ಯೂ ಟ್ರೆವರ್‌ರೋಪರನು 1983ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಸ್ಕಾಟರ ಈ ಸಂಪ್ರದಾಯವು ಸಂಪ್ರದಾಯವೇ ಅಲ್ಲ, ಕಟ್ಟಿದ ಕಥೆ ಎಂದು ಸಾಧಿಸಹೊರಟನು. ಆತನ ವಾದಸರಣಿ ಹೀಗೆ: ಹೈಲೆಂಡ್ ಎಂಬ ಉತ್ತರದ ಬೆಟ್ಟಸೀಮೆಯವರು ಹಿಂದೆ ಉಡುತ್ತಿದ್ದುದು ಹೊದಿಕೆಯೂ ಉಡುಗೆಯೂ ಒಂದೇ ಆದ ದೊಡ್ಡ ಕಂಬಳಿಯನ್ನು, ಅದರ ಕೆಳಭಾಗವನ್ನಷ್ಟೇ ಕತ್ತರಿಸಿ ನೆರಿಗೆ ಹೊಲಿದ ಈಗಿನ ಕಿಲ್ಟನ್ನು ಕಲ್ಪಿಸಿದವನು ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲೀಷಿನವನು, ಈತ 1720ರ ದಶಕದಲ್ಲಿ ಗ್ಲೆನ್‌ಗ್ಯಾರಿ ಎಂಬಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತ, ಕೂಲಿಗಳು ಆ ದೊಡ್ಡ ಕಂಬಳಿಯಲ್ಲಿ ತೊಡರಿಕೊಳ್ಳುವುದನ್ನು ಕಂಡು ಹೀಗೆ ಮಾಡಿಸಿದನು, ಆದುದರಿಂದ ಕಿಲ್ಟು ಆಂಗ್ಲನೊಬ್ಬನ ಕುಲುಮೆಯ ಸಮವಸ್ತ್ರ. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಎಂಬುದೂ ಅಷ್ಟೆ, 19ನೆಯ ಶತಮಾನದ ನೆಯ್ಗೆಯವರ ವ್ಯಾಪಾರ. ಇಂತಿರಲು ಇದನ್ನು ಪೂರ್ವಜರ ಉಡುಗೆಯೆಂದು ಉಟ್ಟು ಮೆರೆಯುವವರು ಮರುಳರಲ್ಲದೆ ಮತ್ತೇನು?

ಟ್ರೆವರ್‌ರೋಪರನು ದೊಡ್ಡ ಪಂಡಿತ, ಅದರಲ್ಲಿ ಸಂಶಯವಿಲ್ಲ. ಅದೇ 1983ರಲ್ಲಿ ಹಿಟ್ಲರನ ದಿನಚರಿಗಳೆಂದು ಹೇಳಿ ಯಾರೋ ಬರೆದ ಖೋಟಾ ಪುಸ್ತಕಗಳನ್ನು ನಿಜವೆಂದು ನಂಬಿ ಪ್ರಮಾಣಪತ್ರ ಕೊಟ್ಟವನೂ ಆತನೇ ಎಂಬುದನ್ನು ಇಲ್ಲಿ ಪ್ರಸ್ತಾವಿಸುವುದು ಅಷ್ಟು ಸೌಜನ್ಯವಲ್ಲ. ಆದರೂ ನಿಜವು ಯಾವುದು, ಕಲ್ಪಿತವು ಯಾವುದು ಎಂಬ ವಿವೇಕವು ಎಂತಹವರಿಗೂ ಸುಲಭವಲ್ಲವೆಂದು ತಿಳಿಯಲು ಅದು ಸಾಕು.

ರಾಲಿನ್‌ಸನ್ನನ ಕಥೆಯನ್ನು ಹಾಗೆಯೇ ಒಪ್ಪಿಕೊಳ್ಳೋಣ. ಅದರಿಂದ ಸಿದ್ಧವಾಗುವುದೇನು? ಶಬ್ದಶಾಸ್ತ್ರವನ್ನು ಬಲ್ಲವರು ಯೋಗಾರ್ಥ, ರೂಢಾರ್ಥ ಎಂಬ ಭೇದವನ್ನು ಬಲ್ಲರು. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು ಎಂದು ಯೋಗಾರ್ಥ. ಕೆಸರಿನಲ್ಲಿ ಕಪ್ಪೆಯೂ ಹುಟ್ಟುತ್ತದೆ, ಜೊಂಡೂ ಹುಟ್ಟುತ್ತದೆ. ಆದರೂ ಪಂಕಜವೆಂದೊಡನೆ ತಾವರೆಯೊಂದೇ ತೋರುವುದಲ್ಲದೆ ಕಪ್ಪೆ ತೋರುವುದಿಲ್ಲ. ಜನರ ವ್ಯವಹಾರದಲ್ಲಿ ನೆಲೆಗೊಂಡ ಅರ್ಥವು ಹುಟ್ಟಿನ ಅರ್ಥವನ್ನು ಮೀರಿ ನಿಲ್ಲುತ್ತದೆ. ಉಡುಗೆಗೂ ಇದೇ ನ್ಯಾಯ. ಕುಲುಮೆಯಲ್ಲಿ ಹುಟ್ಟಿತು ಎಂಬುದು ಕಿಲ್ಟಿನ ಯೋಗಾರ್ಥ. ಹುಟ್ಟಿದ ಮೇಲೆ ಅದನ್ನು ಉಟ್ಟವರಿಗೆ ಏನಾಯಿತು, ಉಟ್ಟುದಕ್ಕಾಗಿ ಅವರು ಏನನ್ನು ಅನುಭವಿಸಿದರು ಎಂಬುದು ಅದರ ರೂಢಾರ್ಥ. ಅದನ್ನು ನೋಡದೆ ಕುಲುಮೆಯ ಬಾಗಿಲಲ್ಲಿಯೇ ನಿಂತು ನಗುವುದು ಪಾಂಡಿತ್ಯವಲ್ಲ.

ಏನಾಯಿತೆಂದರೆ, 1746ನೆಯ ಇಸವಿ ಏಪ್ರಿಲ್ 16ರಂದು ಕಲ್ಲೋಡನ್ ಎಂಬ ಬಯಲಿನಲ್ಲಿ ಹೈಲೆಂಡಿನವರ ದಂಗೆಯು ಮುರಿದುಬಿದ್ದಿತು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಕಂಬಳಿ, ಕಿಲ್ಟು, ಟಾರ್ಟನ್ನಿನ ಮೇಲಂಗಿ ಮುಂತಾದುವನ್ನು ಗಂಡಸರಾಗಲಿ ಹುಡುಗರಾಗಲಿ ಧರಿಸಕೂಡದೆಂದು ವಿಧಿಸಿತು. 1747ರ ಆಗಸ್ಟ್ ಒಂದನೆಯ ದಿನದಿಂದ ಅದು ಜಾರಿಗೆ ಬಂದಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯ ತಪ್ಪಿಗೆ ಏಳು ವರ್ಷ ಕಡಲಾಚೆಗೆ ಗಡಿಪಾರು. ಉಡುಗೆಗಾಗಿ ದೇಶಭ್ರಷ್ಟನಾಗಬೇಕಾದರೆ ಆ ಉಡುಗೆ ಆಟದ ವೇಷವಾಗಿರಲಾರದು. ಶಾಸನದ ಭಾಷೆಯನ್ನೂ ಗಮನಿಸಬೇಕು. ಅದರ ನಿಷೇಧವು ಬ್ರಿಟನ್ನಿನ ಸ್ಕಾಟ್ಲೆಂಡ್ ಎಂಬ ಭಾಗಕ್ಕೆ ಮಾತ್ರ ಸಂಬಂಧಪಟ್ಟದ್ದು. ದೊರೆಯ ಸೈನ್ಯದಲ್ಲಿ ಸೇರಿದವರಿಗೆ ಅದರಿಂದ ವಿನಾಯಿತಿಯೂ ಉಂಟು. ಎಂದಮೇಲೆ 1782ರ ಜುಲೈ ಒಂದನೆಯ ದಿನ ಆ ಶಾಸನವು ರದ್ದಾಗುವವರೆಗಿನ ಸುಮಾರು ಮೂವತ್ತೈದು ವರ್ಷಗಳ ಕಾಲ, ದೊರೆಯ ಕೂಳನ್ನುಣ್ಣದ ಸಾಮಾನ್ಯ ಹೈಲೆಂಡಿಗನು ತನ್ನ ಉಡುಗೆಯನ್ನು ನಿರ್ಭಯವಾಗಿ ಉಡಬಹುದಾಗಿದ್ದುದು ತನ್ನ ದೇಶದ ಹೊರಗೆ ಮಾತ್ರ!

1773ರಲ್ಲಿ ಡಾಕ್ಟರ್ ಜಾನ್ಸನ್ನನು ಹೈಲೆಂಡಿನಲ್ಲಿ ಸಂಚರಿಸಿದಾಗ ಪೂರ್ಣವಾಗಿ ಹಳೆಯ ಉಡುಗೆ ಉಟ್ಟಿದ್ದ ಒಬ್ಬನನ್ನು ಮಾತ್ರ ಕಂಡುದಾಗಿ ಬರೆದಿಟ್ಟಿದ್ದಾನೆ. ಅದೇ 1773ರಲ್ಲಿ ಹೆಕ್ಟರ್ ಎಂಬ ಹಳೆಯ ಹಡಗು ಹೈಲೆಂಡಿನ ಬಡ ಸಂಸಾರಗಳನ್ನು ತುಂಬಿಕೊಂಡು ಕೆನಡದ ನೋವಾಸ್ಕೋಷಿಯ ಪ್ರಾಂತದ ಪಿಕ್ಟೊ ಬಂದರಿಗೆ ಹೋಯಿತು. ಮರುವರ್ಷ, ಸೋತ ರಾಜಕುಮಾರನನ್ನು ಹೆಂಗಸಿನ ವೇಷದಲ್ಲಿ ದಾಟಿಸಿ ಕೀರ್ತಿ ಪಡೆದ ಫ್ಲೋರಾ ಮ್ಯಾಕ್‌ಡೊನಾಲ್ಡಳು ಗಂಡನೊಡನೆ ಉತ್ತರ ಕೆರೊಲಿನಕ್ಕೆ ವಲಸೆ ಹೋದಳು. ತಾಯ್ನೆಲದಲ್ಲಿ ಸೆರೆಗೆ ಕಾರಣವಾದುದು ಪರನೆಲದಲ್ಲಿ ತಡೆಯಿಲ್ಲದ್ದಾಯಿತು. ಇದನ್ನು ಬಲ್ಲವನು, ದೇಶಾಂತರದ ಸ್ಕಾಟನಿಗೆ ಕಿಲ್ಟಿನ ಮೇಲೆ ಹಕ್ಕೆಲ್ಲಿಯದು ಎಂದು ಕೇಳುವುದಕ್ಕೆ ನಾಚಬೇಕು.

ಇನ್ನು ತಾಯ್ನೆಲದ ಹಿರಿಯರು ಅದನ್ನು ಹೇಗೆ ಕಾಪಾಡಿದರು? 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ ಸರ್ ವಾಲ್ಟರ್ ಸ್ಕಾಟನ ಸೂತ್ರಧಾರಿಕೆಯಲ್ಲಿ ಊರಿಗೆ ಊರೇ ಟಾರ್ಟನ್ ಉಟ್ಟಿತು. ಸ್ಥೂಲದೇಹಿಯಾದ ದೊರೆಯೂ ಕಿಲ್ಟಿನ ಕೆಳಗೆ ಗುಲಾಬಿ ಬಣ್ಣದ ಬಿಗಿಯಾದ ಕಾಲುಡುಪನ್ನು ತೊಟ್ಟು ದರ್ಬಾರು ನಡೆಸಿದನು. ಆ ಕಾಲದ ಹೈಲೆಂಡ್ ಪಾಳೆಯಗಾರರಲ್ಲಿ ಉಡುಗೆಯ ಅಭಿಮಾನಕ್ಕೆ ಹೆಸರಾದವನು ಗ್ಲೆನ್‌ಗ್ಯಾರಿಯ ಅಲಾಸ್ಟರ್ ಮ್ಯಾಕ್‌ಡೊನೆಲ್. ರೇಬರ್ನ್ ಎಂಬ ಚಿತ್ರಕಾರನು ಈತನನ್ನು ಪೂರ್ಣಾಲಂಕಾರದಲ್ಲಿ ಚಿತ್ರಿಸಿದ್ದಾನೆ. ನೋಡಿದರೆ ಓಸಿಯನ್ನನ ವೀರನೇ ಎದ್ದುಬಂದಂತಿದೆ. ಈತ 1815ರಲ್ಲಿ ನಿಜವಾದ ಹೈಲೆಂಡಿಗರ ಸಂಘವೊಂದನ್ನೇ ಸ್ಥಾಪಿಸಿದನು. ಇಷ್ಟೆಲ್ಲ ಅಭಿಮಾನದ ಈ ಮಹಾಶಯನು ತನ್ನ ಒಕ್ಕಲುಗಳನ್ನು ಎತ್ತಂಗಡಿ ಮಾಡಿಸಿ ಆ ನೆಲವನ್ನು ಕುರಿಗಳಿಗೆ ಬಿಟ್ಟನು. ಗ್ಲೆನ್‌ಗ್ಯಾರಿಯವರು ತಂಡತಂಡವಾಗಿ ಕೆನಡಕ್ಕೆ ಹೋಗಿ ಕಾಡು ಕಡಿದು ನೆಲೆಸಿದರು. ಅವರು ನೆಲೆಸಿದ ಸೀಮೆಗೆ ಇಂದಿಗೂ ಗ್ಲೆನ್‌ಗ್ಯಾರಿ ಎಂದೇ ಹೆಸರು. ಅಲ್ಲಿನ ಮ್ಯಾಕ್ಸ್‌ವಿಲ್ ಊರಿನಲ್ಲಿ 1948ರಿಂದ ಹೈಲೆಂಡ್ ಆಟಗಳು ನಡೆಯುತ್ತ ಬಂದಿವೆ. ಹಾಗಿದ್ದಲ್ಲಿ ಗ್ಲೆನ್‌ಗ್ಯಾರಿಯ ಉಡುಗೆ ಯಾರಿಗೆ ಸೇರಿದ್ದು? ಚಿತ್ರಪಟದಲ್ಲಿ ನಿಂತವನಿಗೋ, ಮನೆಯ ತೊಲೆಗಳನ್ನು ಬಿಟ್ಟು ಹಡಗು ಹತ್ತಿದವರ ಮಕ್ಕಳಿಗೋ?

ಇಲ್ಲಿಗೆ ನಗುವವರ ಮಾತು ಮುಗಿಯಿತು. ಆದರೆ ನಗಿಸಿಕೊಂಡವರೆಲ್ಲರೂ ನಿರ್ದೋಷಿಗಳೆಂದು ಇದರಿಂದ ತಿಳಿಯಕೂಡದು. ಹಕ್ಕು ಇದೆಯೆಂದು ಸಿದ್ಧಪಟ್ಟ ಮೇಲೆಯೇ ಹೊಣೆಯ ಪ್ರಶ್ನೆ ಏಳುವುದು; ಕಠಿಣವಾದ ಮಾತುಗಳೆಲ್ಲವೂ ಆ ಕಡೆಯೇ ಇವೆ.

ಮೊದಲನೆಯದಾಗಿ ಈ ಕುಲಟಾರ್ಟನ್ನಿನ ಹುಚ್ಚು. ಅಂಗಡಿಗೆ ಹೋದವನು ತನ್ನ ಮನೆತನದ ಹೆಸರನ್ನು ಹೇಳುತ್ತಾನೆ; ಅಂಗಡಿಯವನು ಪಟ್ಟಿಯೊಂದನ್ನು ತೆಗೆದು, ತಮ್ಮದು ಇಂತಹ ಕುಲದ ಶಾಖೆ, ಆದುದರಿಂದ ಇಂತಹ ಚೌಕಳಿ ತಮ್ಮದು ಎಂದು ತೋರಿಸುತ್ತಾನೆ; ಕೊಂಡವನು ತನ್ನ ರಕ್ತವೇ ಬಟ್ಟೆಯಾಗಿ ಬಂದಂತೆ ಪುಳಕಗೊಳ್ಳುತ್ತಾನೆ. ಇದು ಸರ್ವಥಾ ನಿರಾಧಾರವಾದುದು. ಟಾರ್ಟನ್ ಬಟ್ಟೆಯೇನೋ ಹಳೆಯದು. ಗ್ಲೆನ್ ಆಫ್ರಿಕ್ ಎಂಬಲ್ಲಿಯ ಜವುಗಿನಲ್ಲಿ ಸಿಕ್ಕಿದ ತುಂಡೊಂದು ಸುಮಾರು 1500ರಿಂದ 1600ರ ನಡುವಣದೆಂದು 2023ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೂ ಕುಲನಾಮಕ್ಕೂ ಗಂಟು ಬಿದ್ದುದು ಬಹಳ ಈಚೆಗೆ. ಕಲ್ಲೋಡನ್ನಿನ ಕದನವನ್ನು ಚಿತ್ರಿಸಿದ ಮೋರಿಯೆಯ ಪಟದಲ್ಲಿ ಹೈಲೆಂಡಿಗರ ಮೈಮೇಲೆ ಒಬ್ಬನಿಗಿಂತ ಒಬ್ಬನಿಗೆ ಬೇರೆಯಾದ ಚೌಕಳಿಗಳಿವೆ. ಒಬ್ಬನ ಮೈಮೇಲೆಯೇ ಎರಡು ಮೂರು ಬಗೆ. ಲಂಡನ್ನಿನ ಹೈಲೆಂಡ್ ಸಂಘದವರು 1815ರಲ್ಲಿ ತಂತಮ್ಮ ಕುಲದ ಟಾರ್ಟನ್ನಿನ ಮಾದರಿಯನ್ನು ಕಳುಹಿಸಬೇಕೆಂದು ಪಾಳೆಯಗಾರರನ್ನು ಕೇಳಿದಾಗ, ತಮ್ಮದು ಯಾವುದೆಂದು ತಿಳಿಯದೆ ಹಲವರು ತಡವರಿಸಿದರು. ಬ್ಯಾನಕ್‌ಬರ್ನಿನ ವಿಲ್ಸನ್ ನೆಯ್ಗೆಯವರ ಮಳಿಗೆಯಲ್ಲಿ ಮೊದಲು ಬರಿಯ ಅಂಕೆಯಿಂದ ಗುರುತಿಸುತ್ತಿದ್ದ ಮಾದರಿಗಳಿಗೆ ಕ್ರಮೇಣ ಕುಲದ ಹೆಸರುಗಳು ಅಂಟಿಕೊಂಡುವು. ಆಮೇಲೆ, ತಾವು ಸ್ಟುವರ್ಟ್ ರಾಜವಂಶದವರೆಂದು ಹೇಳಿಕೊಂಡ ಇಬ್ಬರು ಸೋದರರು 1842ರಲ್ಲಿ, ಪ್ರಾಚೀನ ಹಸ್ತಪ್ರತಿಯಿಂದ ತೆಗೆದುದೆಂದು ಹೇಳಿ ಕುಲಟಾರ್ಟನ್ನುಗಳ ಗ್ರಂಥವನ್ನೇ ಅಚ್ಚು ಹಾಕಿಸಿದರು. ಹಸ್ತಪ್ರತಿ ಖೋಟಾ, ವಂಶಾವಳಿಯೂ ಖೋಟಾ. ಆದರೂ ಅದರ ಮಾದರಿಗಳು ಅಂಗಡಿಗಳಲ್ಲಿ ಈಗಲೂ ಬಿಕರಿಯಾಗುತ್ತಲಿವೆ.

ಹುಟ್ಟನ್ನು ನೋಡಬೇಡ, ರೂಢಿಯನ್ನು ನೋಡು ಎಂದು ಮೇಲೆ ಹೇಳಿದ ನ್ಯಾಯ ಇದಕ್ಕೂ ಏಕೆ ಅನ್ವಯಿಸಬಾರದು ಎಂದು ವಾಚಕರು ಕೇಳಬಹುದು. ಅನ್ವಯಿಸದು. ಏತಕ್ಕೆಂದರೆ, ಕಿಲ್ಟು ತಾನು ಅನಾದಿಯೆಂದು ಹೇಳಿಕೊಳ್ಳುವುದಿಲ್ಲ. ಕುಲಟಾರ್ಟನ್ನಾದರೋ ರಕ್ತಕ್ಕೆ ಸಾಕ್ಷಿ ನುಡಿಯುತ್ತದೆ. ರೂಢಿಯು ಅರ್ಥವನ್ನು ಕೊಡಬಲ್ಲುದೇ ಹೊರತು ಸುಳ್ಳುಸಾಕ್ಷಿಯನ್ನು ನಿಜ ಮಾಡಲಾರದು.

ಹಳೆಯ ಕಾಲದಲ್ಲಿ ಚೌಕಳಿಯು ಏನನ್ನಾದರೂ ಸೂಚಿಸುತ್ತಿತ್ತಾದರೆ ಅದು ಊರನ್ನು. ಪಶ್ಚಿಮ ದ್ವೀಪಗಳ ನಿವಾಸಿಯೇ ಆದ ಮಾರ್ಟಿನ್ ಮಾರ್ಟಿನ್ ಎಂಬಾತನು 1703ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಂಬಳಿಯ ಬಣ್ಣಗಳನ್ನು ನೋಡಿ ಉಟ್ಟವನು ಯಾವ ಕಡೆಯವನೆಂದು ಹೇಳಬಹುದೆಂದಿದ್ದಾನೆ. ಬೆಟ್ಟದಲ್ಲಿ ಸಿಕ್ಕುವ ಬೇರು, ತೊಗಟೆ, ಪಾಚಿಗಳಿಂದ ಬಣ್ಣ ಕಟ್ಟುತ್ತಿದ್ದ ನೆಯ್ಗೆಯಲ್ಲಿ ಇದು ಸಹಜವೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋವಾಸ್ಕೋಷಿಯದ ಸಂಗತಿಯೊಂದನ್ನು ನೋಡಬೇಕು. 1953ರಲ್ಲಿ ಅಲ್ಲಿನ ಟ್ರೂರೊ ಪಟ್ಟಣದ ಕೃಷಿಪ್ರದರ್ಶನಕ್ಕಾಗಿ ಬೆಸ್ಸಿ ಮರ್ರೆ ಎಂಬ ನೆಯ್ಗೆಗಾರ್ತಿಯು ಕುರುಬನ ಚಿತ್ರವೊಂದನ್ನು ಮಾಡಬೇಕಾಗಿ ಬಂದಿತು. ಕುರುಬನಿಗೆ ಒಂದು ಕುಲದ ಚೌಕಳಿಯನ್ನು ಉಡಿಸಿದರೆ ಮಿಕ್ಕ ಕುಲದವರು ಮುನಿದಾರೆಂದು ಆಕೆ ಕಡಲಿನ ನೀಲಿ, ಕಾಡಿನ ಹಸುರು, ಬಂಡೆಯ ಬಿಳುಪುಗಳನ್ನು ಸೇರಿಸಿ ಯಾರದೂ ಅಲ್ಲದ ಹೊಸದೊಂದನ್ನು ನೆಯ್ದಳು. ಜನರು ಮೆಚ್ಚಿದರು, ಅದೇ ಆ ಪ್ರಾಂತದ ಟಾರ್ಟನ್ನಾಗಿ ನೆಲೆಗೊಂಡಿತು. ಇದನ್ನು ನಿನ್ನೆಯದೆಂದು ಹಗುರ ಮಾಡುವವರುಂಟು. ಆದರೆ ಉಟ್ಟವನ ನೆಲವನ್ನು ಹೇಳುವ ಈ ಹೊಸ ಬಟ್ಟೆಯೇ, ಉಟ್ಟವನ ರಕ್ತವನ್ನು ಹೇಳುವ ಅಂಗಡಿಯ ಬಟ್ಟೆಗಿಂತ ಹಳೆಯ ಪದ್ಧತಿಗೆ ಹತ್ತಿರವಾದುದು. ಸ್ಕಾಟ್ಲೆಂಡಿನಲ್ಲಿಯೂ ಇದೇ ವಿವೇಕ ಮೂಡಿದೆ. 2008ರ ಶಾಸನದಿಂದ ಸರ್ಕಾರಿ ಟಾರ್ಟನ್ ದಾಖಲೆಯೊಂದು ಏರ್ಪಟ್ಟಿತು. ಸಿಖ್ಖರ ಹೆಸರಿನ, ಯೆಹೂದ್ಯರ ಹೆಸರಿನ ಟಾರ್ಟನ್ನುಗಳೂ ಹುಟ್ಟಿವೆ. ಗ್ಲಾಸ್ಗೊದಲ್ಲಿ ಹುಟ್ಟಿ ಬೆಳೆದ, ಪಾಕಿಸ್ತಾನ ಮೂಲದ ಮನೆತನದ ಹಮ್ಜಾ ಯೂಸಫ್ 2016ರಲ್ಲಿ ಅಲ್ಲಿನ ಪಾರ್ಲಿಮೆಂಟಿನಲ್ಲಿ ಕಿಲ್ಟನ್ನು ಉಟ್ಟು ಉರ್ದುವಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. 2023ರಲ್ಲಿ ಆ ದೇಶದ ಮೊದಲನೆಯ ಮಂತ್ರಿಯೂ ಆಗಿ ಮರುವರ್ಷದವರೆಗೆ ಆ ಪದವಿಯಲ್ಲಿದ್ದರು. ರಕ್ತವಾದಿಗಳು ಇದಕ್ಕೇನು ಹೇಳುವರೋ!

ರಕ್ತದ ಮಾತು ಎಲ್ಲಿಗೆ ಎಳೆದೊಯ್ಯುತ್ತದೆಂಬುದಕ್ಕೆ ಅಮೆರಿಕದ ದಕ್ಷಿಣ ಸಂಸ್ಥಾನಗಳೇ ನಿದರ್ಶನ. 1905ರಲ್ಲಿ ಥಾಮಸ್ ಡಿಕ್ಸನ್ ಎಂಬಾತನು ‘ದಿ ಕ್ಲಾನ್ಸ್‌ಮನ್’ ಎಂಬ ಕಾದಂಬರಿಯನ್ನು ಬರೆದು, ನೀಗ್ರೋ ಜನರನ್ನು ಹೆದರಿಸಿ ಕೊಂದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಮಂಡಲಿಯವರನ್ನು ಸ್ಕಾಟ್ ವೀರರ ಸಂತತಿಯೆಂದು ಹೊಗಳಿದನು. ಹೈಲೆಂಡಿನಲ್ಲಿ ಕುಲದವರನ್ನು ಯುದ್ಧಕ್ಕೆ ಕರೆಯಲು ಊರೂರಿಗೆ ಓಡಿಸುತ್ತಿದ್ದ ಬೆಂಕಿಯ ಶಿಲುಬೆಯನ್ನು ವಾಲ್ಟರ್ ಸ್ಕಾಟನ ಕಾವ್ಯದಿಂದ ಎತ್ತಿ ಇವರ ಕೈಗಿತ್ತವನೂ ಈತನೇ. ಕಾದಂಬರಿಯು 1915ರಲ್ಲಿ ಚಲಚ್ಚಿತ್ರವಾಯಿತು. ಆ ವರ್ಷದ ನವೆಂಬರಿನಲ್ಲಿ ಜಾರ್ಜಿಯದ ಸ್ಟೋನ್ ಮೌಂಟನ್ ಎಂಬ ಬೆಟ್ಟದ ಮೇಲೆ ಶಿಲುಬೆಯನ್ನು ಸುಟ್ಟು ಆ ಮಂಡಲಿಯನ್ನು ಪುನಃ ಸ್ಥಾಪಿಸಲಾಯಿತು. ಆ ಬೆಟ್ಟದಡಿಯ ಉದ್ಯಾನದಲ್ಲಿಯೇ 1973ರಲ್ಲಿ ಹೈಲೆಂಡ್ ಆಟಗಳು ಆರಂಭವಾದುವು. ಅಲ್ಲಿಗೆ ಹೋದವರೆಲ್ಲ ಆ ಪಾಪಕ್ಕೆ ಭಾಗಿಗಳೆಂದು ಹೇಳುವುದು ಅನ್ಯಾಯ. ಆದರೆ ಆರುನೂರು ವರ್ಷಗಳ ಹಿಂದಿನ ಸಮರವೊಂದರ ತಾರೀಖನ್ನು ಬಾಯಿಪಾಠ ಒಪ್ಪಿಸಬಲ್ಲವರು, ತಾವು ನಿಂತ ಬೆಟ್ಟದ ಮೇಲೆ ನಡೆದುದನ್ನು ಕೇಳಿದರೆ ಬಾಯಿ ಮುಚ್ಚುವುದು ಯಾವ ಬಗೆಯ ಸ್ಮರಣೆ? 1998ರಲ್ಲಿ ಅಮೆರಿಕದ ಸೆನೆಟ್ ಸಭೆಯು ಏಪ್ರಿಲ್ ಆರನ್ನು ಟಾರ್ಟನ್ ದಿನವೆಂದು ಗೊತ್ತುಪಡಿಸಿದಾಗ, 1320ರ ಆರ್‌ಬ್ರೋತ್ ಘೋಷಣೆಯೇ ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಮಾದರಿಯಾಯಿತೆಂದು ಬರೆದರು. ಇತಿಹಾಸಜ್ಞರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಆ ನಿರ್ಣಯವನ್ನು ಮುಂದಿಟ್ಟ ಸೆನೆಟರ್ ಟ್ರೆಂಟ್ ಲಾಟ್, ವರ್ಣಭೇದದ ಪಕ್ಷವನ್ನು ಹೊಗಳಿದಂತಾಯಿತೆಂದು 2002ರಲ್ಲಿ ತನ್ನ ನಾಯಕಪದವಿಯನ್ನು ಬಿಡಬೇಕಾಯಿತು.

ಇದಕ್ಕಿಂತಲೂ ಕಹಿಯಾದುದು ಮತ್ತೊಂದುಂಟು. ಹೊರದೂಡಲ್ಪಟ್ಟವರು ಹೋದೆಡೆಯಲ್ಲಿ ಬೇರೆಯವರನ್ನು ಹೊರದೂಡಿದರು. ಪಿಕ್ಟೊ ಬಂದರು ಮಿಕ್‌ಮಾಕ್ ಜನರ ನೆಲದಲ್ಲಿದೆ. ಆಸ್ಟ್ರೇಲಿಯದ ಗಿಪ್ಸ್‌ಲೆಂಡ್ ಸೀಮೆಯನ್ನು ಬಿಳಿಯರಿಗೆ ತೆರೆದವನು ಸ್ಕೈ ದ್ವೀಪದ ಆಂಗಸ್ ಮ್ಯಾಕ್‌ಮಿಲನ್. ಅಲ್ಲಿನ ವಾರಿಗಲ್ ಹಳ್ಳದ ಬಳಿ 1843ರಲ್ಲಿ ಗುನೈಕುರ್ನೈ ಜನರ ಮೇಲೆ ನಡೆದ ಸಾಮೂಹಿಕ ಹತ್ಯೆಗೆ ಆತನ ತಂಡವೇ ಕಾರಣವೆಂದು ಅದನ್ನು ಶೋಧಿಸಿದವರು ಹೇಳುತ್ತಾರೆ. ಆ ತಂಡಕ್ಕೆ ಹೈಲೆಂಡ್ ಬ್ರಿಗೇಡ್ ಎಂಬ ಹೆಸರು! ತಮ್ಮ ಗುಡಿಸಲಿಗೆ ಬಿದ್ದ ಬೆಂಕಿಯ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವವರು ಇದನ್ನೂ ಹೇಳಬೇಕಲ್ಲವೆ? ಆತನ ಹೆಸರನ್ನು ಹೊತ್ತಿದ್ದ ಚುನಾವಣಾ ಕ್ಷೇತ್ರದ ಹೆಸರನ್ನು 2018ರಲ್ಲಿ ಬದಲಾಯಿಸಿದರು. ಹೆಸರು ಬದಲಾಯಿಸಿದರೆ ಸಾಲದು. ಆದರೂ ಮುಚ್ಚಿಡುವುದಕ್ಕಿಂತ ಮೇಲು.

ಶಾಸನವು ಸೈನಿಕನಿಗೆ ಮಾತ್ರ ಉಡುಗೆಯನ್ನು ಬಿಟ್ಟುಕೊಟ್ಟುದರ ಫಲ ಕನ್ನಡನಾಡಿಗೂ ತಟ್ಟದೆ ಇರಲಿಲ್ಲ. 1799ರ ಮೇ ನಾಲ್ಕರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಸೇನೆಯಲ್ಲಿ 73 ಮತ್ತು 74ನೆಯ ಹೈಲೆಂಡ್ ದಳಗಳಿದ್ದುವು. ತಮ್ಮ ಕೋಟೆಯನ್ನು ಕಳೆದುಕೊಂಡವರ ಮೊಮ್ಮಕ್ಕಳು ಪರರ ಕೋಟೆಯನ್ನು ಹಿಡಿಯುವುದಕ್ಕೆ ಬಂದರು. ಅವರ ಹಿಂದೆಯೇ ಮೈಸೂರಿನ ಮೋಜಣಿಗೆಂದು ನೇಮಕವಾದವನು ಕಾಲಿನ್ ಮೆಕೆಂಜಿ. ಗೇಲಿಕ್ ನುಡಿಯ ಲೂಯಿಸ್ ದ್ವೀಪದಲ್ಲಿ 1754ರಲ್ಲಿ, ಎಂದರೆ ಉಡುಗೆಯು ನಿಷಿದ್ಧವಾಗಿದ್ದ ಕಾಲದಲ್ಲಿಯೇ, ಈತನು ಹುಟ್ಟಿದ್ದು. ಕಾವಲಿ ಸೋದರರ ನೆರವಿನಿಂದ ಈತ ಊರೂರ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಬರೆಸಿ ಕೂಡಿಟ್ಟುದನ್ನು ಕರ್ಣಾಟಕದ ಇತಿಹಾಸವನ್ನು ಓದಿದವರೆಲ್ಲರೂ ಬಲ್ಲರು. ಒಂದೇ ಬೆಟ್ಟಸೀಮೆಯಿಂದ ಬಂದವರಲ್ಲಿ ಕಲ್ಲನ್ನು ಒಡೆದವರೂ ಉಂಟು, ಕಲ್ಲನ್ನು ಓದಿದವರೂ ಉಂಟು. ಎರಡು ಕೆಲಸವೂ ಒಂದೇ ಸರ್ಕಾರದ ಸಂಬಳದಲ್ಲಿ ನಡೆಯಿತು.

ಕೊನೆಗೆ ಉಳಿದುದು ನುಡಿಯ ವಿಚಾರ. ಕಿಲ್ಟನ್ನು ಉಟ್ಟವರ ತಾತಮುತ್ತಾತಂದಿರ ಮಾತು ಗೇಲಿಕ್. ಉಡುಗೆಯನ್ನು ನಿಷೇಧಿಸಿದ ಶಾಸನವು ಮೂವತ್ತೈದು ವರ್ಷಕ್ಕೆ ಸತ್ತಿತು. ನುಡಿಯ ಮೇಲಣ ಅನಾದರವು ಅಷ್ಟು ಬೇಗ ಸಾಯಲಿಲ್ಲ. 1872ರ ವಿದ್ಯಾಶಾಸನದಲ್ಲಿ ಗೇಲಿಕ್ಕಿಗೆ ಎಡೆಯೇ ಇರಲಿಲ್ಲ. 1890ರಲ್ಲಿ ಕೆನಡದ ಸೆನೆಟಿನಲ್ಲಿ ಅದಕ್ಕೆ ರಾಜಮನ್ನಣೆ ಕೊಡಿಸಬೇಕೆಂದು ತಂದ ಮಸೂದೆಯು ಬಿದ್ದುಹೋಯಿತು. ಅದನ್ನು ಬೀಳಿಸಿದವರಲ್ಲಿ ಸ್ಕಾಟ್ ಹೆಸರಿನವರಿಗೇನೂ ಕೊರತೆಯಿರಲಿಲ್ಲ. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡಬಲ್ಲವರು 57,375 ಮಂದಿ ಮಾತ್ರ. ಅಲ್ಲಿನ ಪಾರ್ಲಿಮೆಂಟು ಅದಕ್ಕೆ ಅಧಿಕೃತ ಭಾಷೆಯ ಪದವಿಯನ್ನು ಕೊಟ್ಟುದು 2025ರಲ್ಲಿ. ಎಂಟು ಗಜ ಉಣ್ಣೆಬಟ್ಟೆಗೆ ಬೇಕಾದಷ್ಟು ಹಣವನ್ನು ಸುರಿಯುವ ಗೃಹಸ್ಥರು, ತಾತನ ಬಾಯಲ್ಲಿದ್ದ ಮಾತಿಗೆ ಮಗನ ಬಾಯಲ್ಲಿ ಒಂದು ಮೂಲೆಯನ್ನಾದರೂ ಬಿಡದಿರುವುದು ವಿಚಿತ್ರ. ಬಟ್ಟೆಯನ್ನು ಒಂದು ಮಧ್ಯಾಹ್ನದಲ್ಲಿ ಕೊಳ್ಳಬಹುದು, ಮಾತನ್ನು ಕಲಿಯಲು ವರ್ಷಗಳು ಬೇಕು ಎಂಬುದೊಂದೇ ಇದಕ್ಕೆ ಕಾರಣವಾಗಿರಬೇಕು.

ಆದರೂ ನೋವಾಸ್ಕೋಷಿಯದ ಕೇಪ್ ಬ್ರೆಟನ್ ದ್ವೀಪದಲ್ಲಿ ಈ ಶ್ರಮವನ್ನು ವಹಿಸಿದವರು ಕೆಲವರಿದ್ದಾರೆ. 1938ರಲ್ಲಿ ಸೇಂಟ್ ಆನ್ಸ್ ಎಂಬಲ್ಲಿ ಗೇಲಿಕ್ ಕಾಲೇಜೊಂದು ಸ್ಥಾಪಿತವಾಯಿತು. ಬಹುಕಾಲ ಅಲ್ಲಿ ಪೈಪು, ಕುಣಿತ, ಟಾರ್ಟನ್ನುಗಳ ಸಡಗರವೇ ನುಡಿಗಿಂತ ಮುಂದಾಗಿತ್ತೆಂಬ ದೂರು ಉಂಟು. 2021ರಲ್ಲಿ ಆ ಕಾಲೇಜಿನವರೇ ಅದೇ ದ್ವೀಪದ ಮಾಬೂ ಎಂಬ ಹಳ್ಳಿಯಲ್ಲಿ, ಪಾಠಗಳನ್ನು ಗೇಲಿಕ್ಕಿನಲ್ಲಿಯೇ ಹೇಳುವ ಸಣ್ಣ ಪಾಠಶಾಲೆಯೊಂದನ್ನು ಕೆಲವೇ ಮಕ್ಕಳೊಡನೆ ತೆರೆದರು.